ಹೇಳದೆ ಬಿಟ್ಟ ಮಾತನ್ನು ಹಿಡಿಯುವುದು ಹೇಗೆ?

‘ತುಂಬೆ ಡ್ಯಾಂನಲ್ಲಿ ನೇತ್ರಾವತಿಯ ನೀರು ಇಳಿದಿದೆ. ಆದ್ದರಿಂದ ನಾಗರಿಕರು ನೀರನ್ನು ಮಿತವಾಗಿ ಬಳಸಬೇಕು.’ ಬೇಸಿಗೆಯಲ್ಲಿ ಮಂಗಳೂರಿನವರಿಗೆ ಇಂಥ ಪ್ರಕಟಣೆ ಹೊಸದಲ್ಲ. ಇದೇ ಮಾತು ಬ್ಯಾಂಕ್ ಪರೀಕ್ಷೆಯಲ್ಲಿ ಬಂತು ಎಂದಿಟ್ಟುಕೊಳ್ಳಿ. ಕೆಳಗೆ ಮೂರು ಊಹೆಗಳು. ಹೇಳಿಕೆಯಲ್ಲಿ ಅಡಕವಾಗಿರುವುದು ಯಾವುದು ಎಂಬುದು ಪ್ರಶ್ನೆ.

1. ಮನವಿ ಮಾಡಿದರೆ ಕೆಲವರಾದರೂ ಕಿವಿಗೊಡುತ್ತಾರೆ.
2. ಈ ಸಲ ಮಳೆಗಾಲ ತಡವಾಗಲಿದೆ.
3. ನಗರದ ಎಲ್ಲರೂ ಈಗ ನೀರು ಪೋಲು ಮಾಡುತ್ತಿದ್ದಾರೆ.

1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ ಊರು ಮಂಗಳೂರು. ಬ್ಯಾಂಕ್ ಕೆಲಸದ ಆಸೆ ಇಲ್ಲಿ ಇನ್ನೂ ಆರಿಲ್ಲ. ಲೆಕ್ಕದಲ್ಲಿ ಗಟ್ಟಿಯಿರುವ ಮಕ್ಕಳೂ ಈ ಬಗೆಯ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡರೆ ಬೇಸರವಾಗುತ್ತದೆ, ಏಕೆಂದರೆ ಇದು ಕಲಿಯಬಹುದಾದ ವಿದ್ಯೆ.

ಕನ್ನಡದಲ್ಲಿ ಪರೀಕ್ಷೆ ಬರೆಯುವವರನ್ನು ಎಡವಿಸುವುದು ‘ಊಹೆ’ ಎಂಬ ಪದ. ನಮ್ಮ ಮಾತಿನಲ್ಲಿ ಊಹೆ ಎಂದರೆ ಮುಂದೇನಾದೀತು ಎಂಬ ಅಂದಾಜು. ಹಾಗಾಗಿ ಕೈ ಎರಡನೆಯದರತ್ತ ಹೋಗುತ್ತದೆ. ಪ್ರಶ್ನೆ ಕೇಳುವುದು ಮುಂದಿನದನ್ನಲ್ಲ, ಹಿಂದಿನದನ್ನು: ಹೇಳುವವರು ಬಾಯಿಬಿಟ್ಟು ಹೇಳದೆ, ಇದ್ದೇ ಇದೆ ಎಂದು ನಂಬಿಕೊಂಡದ್ದು ಏನು? ‘ಪೂರ್ವಕಲ್ಪನೆ’ ಎಂದು ಓದಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಬೆಟ್ಟದಲ್ಲಿ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ ಎನ್ನುತ್ತೇವಲ್ಲ, ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬುದನ್ನು ಅಲ್ಲಿ ನುಂಗಿಕೊಂಡಿರುತ್ತೇವೆ. ನ್ಯಾಯಶಾಸ್ತ್ರದಲ್ಲಿ ಅದಕ್ಕೆ ‘ವ್ಯಾಪ್ತಿ’ ಎಂದು ಹೆಸರು. ಅದಿಲ್ಲದೆ ವಾದವೇ ನಿಲ್ಲದು.

ಮೊದಲು ಹೇಳಿಕೆಯನ್ನು ‘ಆದ್ದರಿಂದ’ ಎಂಬಲ್ಲಿ ಒಡೆಯಿರಿ. ಒಂದು ಕಡೆ ಕಾರಣ, ಇನ್ನೊಂದು ಕಡೆ ಸಲಹೆ. ನೀರು ಇಳಿದದ್ದಕ್ಕೂ ಮಿತವಾಗಿ ಬಳಸುವುದಕ್ಕೂ ನಡುವೆ ಏನಿದೆ? ಉಳಿಸಿದರೆ ಇರುವ ನೀರು ಇನ್ನಷ್ಟು ದಿನ ಬರುತ್ತದೆ ಎಂಬ ನಂಬಿಕೆ. ಆಯ್ಕೆಗಳನ್ನು ನೋಡುವ ಮೊದಲೇ ಇದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ.

ಆಮೇಲೆ ಒಂದೊಂದು ಆಯ್ಕೆಯನ್ನೂ ಅಲ್ಲಗಳೆದು ನೋಡಿ. ‘ಯಾರೂ ಕಿವಿಗೊಡುವುದಿಲ್ಲ’ ಎಂದಾದರೆ ಮನವಿಗೆ ಅರ್ಥವೇ ಉಳಿಯದು; ಹಾಗಾಗಿ ಒಂದನೆಯದು ಅಡಕವಾಗಿದೆ. ‘ಮಳೆಗಾಲ ತಡವಾಗುವುದಿಲ್ಲ’ ಎಂದರೂ ಇವತ್ತು ಇಳಿದ ನೀರು ಇಳಿದದ್ದೇ, ಮನವಿಗೆ ಪೆಟ್ಟಿಲ್ಲ. ಅದನ್ನು ಬಿಡಿ.

ಅಲ್ಲಗಳೆಯುವಾಗ ಎಚ್ಚರ ಬೇಕು, ತಪ್ಪು ಹೆಚ್ಚಾಗಿ ಇಲ್ಲೇ ಆಗುವುದು. ‘ಎಲ್ಲರೂ ಪೋಲು ಮಾಡುತ್ತಿದ್ದಾರೆ’ ಎಂಬುದರ ನಿರಾಕರಣೆ ‘ಯಾರೂ ಮಾಡುತ್ತಿಲ್ಲ’ ಅಲ್ಲ. ‘ಪೋಲು ಮಾಡದವರು ಒಬ್ಬರಾದರೂ ಇದ್ದಾರೆ’ ಎಂಬುದು. ಹಾಗೆ ಒಬ್ಬರಿದ್ದ ಮಾತ್ರಕ್ಕೆ ಮನವಿ ಬೀಳುವುದಿಲ್ಲ, ಮೂರನೆಯದೂ ಹೋಯಿತು. ‘ಕೆಲವರು’ ಎಂದಿದ್ದಲ್ಲಿ ಮಾತ್ರ ನಿರಾಕರಣೆ ‘ಯಾರೂ ಇಲ್ಲ’. ‘ಎಲ್ಲರೂ’, ‘ಮಾತ್ರ’, ‘ಖಂಡಿತ’ ಕಂಡಲ್ಲಿ ಇನ್ನೊಮ್ಮೆ ಓದಿ. ಅವಸರ ಬೇಡ, ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತವಾಗುತ್ತದೆ.

ಇದೊಂದನ್ನು ನೀವೇ ಮಾಡಿ: ‘ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಬೇಗ ತಲುಪಬೇಕಿದ್ದರೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ.’ ಊಹೆಗಳು ಎರಡು: ಎಕ್ಸ್‌ಪ್ರೆಸ್ ಬಸ್ಸು ಸರ್ವಿಸ್ ಬಸ್ಸಿಗಿಂತ ಬೇಗ ತಲುಪುತ್ತದೆ. ಸುರತ್ಕಲ್‌ಗೆ ಎಕ್ಸ್‌ಪ್ರೆಸ್ ಬಸ್ಸು ಮಾತ್ರ ಹೋಗುತ್ತದೆ. ಎರಡನ್ನೂ ಅಲ್ಲಗಳೆದು, ಯಾವುದು ಬಿದ್ದರೆ ಸಲಹೆಯೂ ಬೀಳುತ್ತದೆ ನೋಡಿ.