ಚಿಕ್ಕ ಟ್ರಾಕ್ಟರಿಗೆ ಎಷ್ಟು ಅಗಲದ ಉಪಕರಣ?



ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಹಳ್ಳಿಕಾರ್ ಜೋಡಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವುಗಳ ಜಾಗಕ್ಕೆ ಮೊದಲು ಬಂದದ್ದು ಪವರ್ ಟಿಲ್ಲರ್. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಆರಂಭವಾದ ಮೇಲೆ ಈ ಯಂತ್ರ ನಮ್ಮ ರೈತರಿಗೆ ಪರಿಚಯವಾಯಿತು. ಈಗ 15ರಿಂದ 28 ಅಶ್ವಶಕ್ತಿಯ ಚಿಕ್ಕ ಟ್ರಾಕ್ಟರುಗಳು ಬರುತ್ತಿವೆ. ಟ್ರಾಕ್ಟರ್ ಕೊಳ್ಳುವಾಗ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಆದರೆ ಅದರ ಹಿಂದೆ ಕಟ್ಟುವ ಉಪಕರಣವನ್ನು ಮಾತ್ರ ಅಂಗಡಿಯವರು ಕೊಟ್ಟದ್ದೇ ಸರಿ ಎಂದು ತರುತ್ತೇವೆ. ಇದರಿಂದಾಗುವ ನಷ್ಟವನ್ನು ಸ್ವತಃ ಅನುಭವಿಸಿದವನಾದ್ದರಿಂದ ಈ ಸಂಚಿಕೆಯಲ್ಲಿ ಇದೇ ವಿಷಯವನ್ನು ತೆಗೆದುಕೊಂಡಿದ್ದೇನೆ.

ನನ್ನ ತಪ್ಪು

2016ರಲ್ಲಿ ನಾನು 24 ಅಶ್ವಶಕ್ತಿಯ ಟ್ರಾಕ್ಟರ್ ತಂದೆ. ಅದರ ಹಿಂದಿನ ಗಾಲಿಗಳ ಹೊರ ಅಂಚಿನಿಂದ ಹೊರ ಅಂಚಿಗೆ 44 ಅಂಗುಲ. ಅಂಗಡಿಯಲ್ಲಿ 4 ಅಡಿಯ ರೋಟವೇಟರ್ ದಾಸ್ತಾನಿರಲಿಲ್ಲ. 5 ಅಡಿಯದು ಇತ್ತು. "ಅಗಲ ಜಾಸ್ತಿಯಾದರೆ ಕೆಲಸ ಬೇಗ" ಎಂಬ ಮಾತಿಗೆ ಒಪ್ಪಿ ಅದನ್ನೇ ತಂದೆ. 60 ಅಂಗುಲದಲ್ಲಿ 44 ಕಳೆದರೆ 16. ಅಂದರೆ ಒಂದೊಂದು ಬದಿಗೆ 8 ಅಂಗುಲ ಗಾಲಿಯಿಂದ ಆಚೆಗೆ ಚಾಚಿಕೊಂಡಿತ್ತು. ಚಾಲಕನ ಕಣ್ಣು ಗಾಲಿಯ ಮೇಲಿರುತ್ತದೆಯೇ ಹೊರತು ಹಿಂದಿನ ಬ್ಲೇಡಿನ ಮೇಲಲ್ಲ. ಎರಡು ಮುಂಗಾರು ಕಳೆಯುವಷ್ಟರಲ್ಲಿ ಬದುವಿನ ಪಕ್ಕದ ಸಾಲಿನ ಮರಗಳ ಬುಡವೆಲ್ಲ ಗೀರುಬಿದ್ದು, ಬೇರುಗಳು ಹುರಿಹುರಿಯಾಗಿ ಮೇಲೆದ್ದಿದ್ದವು.

ಆ ಸಾಲಿನ ತುದಿಯಲ್ಲಿ ಅಣಬೆ ರೋಗದ ಒಂದು ಮರ ಮೊದಲೇ ಇತ್ತು. ಮುಂದಿನ ವರ್ಷಗಳಲ್ಲಿ ಅದೇ ಸಾಲಿನಲ್ಲಿ ಒಂದರ ನಂತರ ಒಂದರಂತೆ ಏಳು ಮರಗಳ ಬುಡದಲ್ಲಿ ಕಂದು ರಸ ಸೋರತೊಡಗಿತು, ಕೆಳಗಿನ ಗರಿಗಳು ಜೋತುಬಿದ್ದವು, ಕೊನೆಗೆ ಬುಡದಲ್ಲಿ ಅಣಬೆ ಕಾಣಿಸಿಕೊಂಡಿತು. ಏಳಕ್ಕೂ ರೋಟವೇಟರೇ ಕಾರಣವೆಂದು ನಾನು ಹೇಳಲಾರೆ. ಆದರೆ ಗ್ಯಾನೋಡರ್ಮಾ ಎಂಬ ಈ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನ ಮೂಲಕ ಮರವನ್ನು ಹೊಗುತ್ತದೆ ಎಂಬುದು ತಿಳಿದ ವಿಷಯ. ತಮಿಳುನಾಡಿನಲ್ಲಿ 1952ರಲ್ಲಿ ಗುರುತಿಸಲಾದ ತಂಜಾವೂರು ಸೊರಗು ರೋಗವೂ ಇದೇ. ಗಾಯಗೊಂಡ ಬೇರು ಅದಕ್ಕೆ ತೆರೆದಿಟ್ಟ ಬಾಗಿಲು. ನನ್ನ ತಂದೆಯವರು ನೆಟ್ಟ ಮರಗಳವು. ರೋಟವೇಟರನ್ನು ಮಾರಬಹುದು, ಆ ವಯಸ್ಸಿನ ಮರವನ್ನು ಎಲ್ಲಿಂದ ತರುವುದು?

ಮೊದಲು ತೋಟವನ್ನು ಅಳೆಯಿರಿ

ಉಪಕರಣದ ಅಗಲವನ್ನು ತೀರ್ಮಾನಿಸಬೇಕಾದದ್ದು ತೋಟ, ಅಂಗಡಿಯಲ್ಲ. ನಮ್ಮ ಸೀಮೆಯ ತೆಂಗು ಸಾಮಾನ್ಯವಾಗಿ 30 ಅಡಿ ಅಂತರದ್ದು, ಎಕರೆಗೆ ಸುಮಾರು 48 ಮರ. ತೆಂಗಿನ ಬೇರುಗಳ ಬಹುಭಾಗ ಬುಡದಿಂದ 2 ಮೀಟರಿನ ಒಳಗೇ ಇರುತ್ತದೆ ಎಂದು ಕಾಸರಗೋಡಿನ ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಬುಡದಿಂದ 6 ಅಡಿಯನ್ನು ಯಂತ್ರಕ್ಕೆ ಬಿಡದೆ, ಪಾತಿಯ ಜಾಗವೆಂದು ಕಾಯ್ದಿಡುವುದು ಯೋಗ್ಯ.

ಈಗ ಲೆಕ್ಕ ನೋಡಿ. 30 ಅಡಿಯಲ್ಲಿ ಎರಡು ಬದಿಯ 12 ಅಡಿ ಕಳೆದರೆ ಉಳಿಯುವುದು 18 ಅಡಿ. ಒಂದು ಸಾಲಿನ ಮೇಲೆ ಇನ್ನೊಂದು ಅರ್ಧ ಅಡಿ ಹಾಯುವುದರಿಂದ 4 ಅಡಿಯ ರೋಟವೇಟರ್ ಒಂದು ಸುತ್ತಿಗೆ ಮೂರೂವರೆ ಅಡಿ ಮಾಡುತ್ತದೆ. ಐದು ಸುತ್ತಿಗೆ ಕೆಲಸ ಮುಗಿಯುತ್ತದೆ. 5 ಅಡಿಯದಾದರೆ ನಾಲ್ಕು ಸುತ್ತು. ಉಳಿತಾಯ ಒಂದೇ ಸುತ್ತು! ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ, ತಿರುವುಗಳಿಗೆ ಕಾಲುಭಾಗ ಸಮಯ ಕಳೆದರೆ, ಒಂದು ಎಕರೆ ತೋಟಕ್ಕೆ 4 ಅಡಿಯದು ಸುಮಾರು 82 ನಿಮಿಷ, 5 ಅಡಿಯದು ಸುಮಾರು 65 ನಿಮಿಷ ತೆಗೆದುಕೊಳ್ಳುತ್ತದೆ. ಎಕರೆಗೆ 17 ನಿಮಿಷದ ಆಸೆ ಅಷ್ಟೆ. ಭಾರ ತಾಳದ ಎಂಜಿನ್ನನ್ನು ಇನ್ನೂ ಕೆಳಗಿನ ಗೇರಿಗೆ ಇಳಿಸಿದ ಕೂಡಲೇ ಆ 17 ನಿಮಿಷವೂ ಹೋಯಿತು.

ಅಡಿಕೆ ಇದ್ದವರು ಇನ್ನೂ ಎಚ್ಚರವಹಿಸಬೇಕು. 9 ಅಡಿ ಅಂತರದ ಅಡಿಕೆಯಲ್ಲಿ ಬೇರುಗಳ ಬಹುಭಾಗ ಬುಡದಿಂದ 3 ಅಡಿಯೊಳಗೆ, ಅದೂ ಮೇಲ್ಪದರದಲ್ಲಿರುತ್ತದೆ. ಎರಡು ಬದಿಗೆ 3 ಅಡಿಯಂತೆ ಬಿಟ್ಟರೆ ನಡುವೆ ಉಳಿಯುವುದು 3 ಅಡಿ ಮಾತ್ರ. ಅಲ್ಲಿ ಮಣ್ಣು ಕಲಕುವುದಕ್ಕಿಂತ ಕಳೆ ಕೊಚ್ಚುವ ಸ್ಲಾಷರ್ ಮೇಲು. ತೆಂಗಿನ ನಡುವೆ ಅಡಿಕೆ ಸೇರಿಸಿದ ತೋಟಗಳಲ್ಲಿ ಅಡಿಕೆಯ ಅಳತೆಯನ್ನೇ ಹಿಡಿಯಬೇಕು.

ಎರಡನೆಯದು ಶಕ್ತಿ

ನಮ್ಮ ಕೆಂಪು ಮಣ್ಣಿನಲ್ಲಿ ರೋಟವೇಟರಿನ ಒಂದು ಅಡಿ ಅಗಲಕ್ಕೆ ಎಂಜಿನ್ನಿನ 6ರಿಂದ 7 ಅಶ್ವಶಕ್ತಿ ಬೇಕೆಂದು ಸ್ಥೂಲವಾಗಿ ಹಿಡಿಯಬಹುದು. ಇದರ ಪ್ರಕಾರ 18 ಅಶ್ವಶಕ್ತಿಗೆ 3 ಅಡಿ, 24ಕ್ಕೆ ಮೂರೂವರೆಯಿಂದ 4 ಅಡಿ, 28ಕ್ಕೆ 4 ಅಡಿ ಸರಿ. ಕೆರೆಗೋಡು ಹೊಡೆದ ಜಿಗುಟು ಮಣ್ಣಾದರೆ ಕೆಳಗಿನ ಅಳತೆಯನ್ನೇ ಆರಿಸಿಕೊಳ್ಳಿ. ಎಂಜಿನ್ನಿನ ಅಶ್ವಶಕ್ತಿಯೆಲ್ಲ ಹಿಂದಿನ ಪಿ.ಟಿ.ಓ. ದಂಡಕ್ಕೆ ಬರುವುದಿಲ್ಲ, ದಾರಿಯಲ್ಲಿ ಒಂದಷ್ಟು ಸವೆಯುತ್ತದೆ ಎಂಬುದನ್ನೂ ನೆನಪಿಡಬೇಕು.

ಸ್ಪ್ರಿಂಗ್ ಕಲ್ಟಿವೇಟರ್ ಆದರೆ 5 ಹಲ್ಲಿನದು ಸಾಕು. 9 ಹಲ್ಲಿನದು ದೊಡ್ಡ ಟ್ರಾಕ್ಟರಿನ ಸಾಮಾನು. ಗುಂಡಿ ತೋಡುವ ಆಗರ್‌ನಲ್ಲಿ 9 ಅಥವಾ 12 ಅಂಗುಲದ್ದನ್ನು ಬೇಲಿ ಕಂಬಕ್ಕೂ ಬಾಳೆಗೂ ಬಳಸಬಹುದು. ತೆಂಗಿನ ಸಸಿಗೆ ಬೇಕಾದ ಒಂದು ಮೀಟರ್ ಗುಂಡಿಯನ್ನು ಅದರಿಂದ ತೆಗೆಯಲು ಹೋಗಬೇಡಿ.

ಮೂರನೆಯದು ಭಾರ

ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ರೂಪಿಸಿ, 1939ರ ಫೋರ್ಡ್ ಟ್ರಾಕ್ಟರಿನ ಮೂಲಕ ಲೋಕಕ್ಕೆಲ್ಲ ಹಬ್ಬಿದ ಮೂರು ತೋಳಿನ ಜೋಡಣೆಯೇ ಇಂದಿಗೂ ನಮ್ಮ ಟ್ರಾಕ್ಟರುಗಳಲ್ಲಿದೆ. ಉಪಕರಣವನ್ನು ಅದು ಎತ್ತುತ್ತದೆ ನಿಜ. ಎತ್ತಿದಾಗ ಮುಂದಿನ ಗಾಲಿಗಳು ಹಗುರವಾಗುತ್ತವೆ ಎಂಬುದನ್ನು ನಾವು ಮರೆಯುತ್ತೇವೆ. ಒಟ್ಟು ತೂಕದ ಐದನೆಯ ಒಂದು ಭಾಗವಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ, ಬದು ಹತ್ತುವಾಗ ಟ್ರಾಕ್ಟರ್ ಹಿಂದಕ್ಕೆ ಮಗುಚುವ ಭಯವುಂಟು.

ಉದಾಹರಣೆಗೆ, 800 ಕೆಜಿ ತೂಕದ ಟ್ರಾಕ್ಟರ್. ಮುಂದಿನ ಗಾಲಿಗಳ ಮೇಲೆ 320 ಕೆಜಿ. ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವೆ 1.4 ಮೀಟರ್ ಎಂದಿಟ್ಟುಕೊಳ್ಳೋಣ. ಹಿಂದಿನ ಅಚ್ಚಿನಿಂದ 1 ಮೀಟರ್ ಹಿಂದೆ ಭಾರಕೇಂದ್ರವಿರುವ 250 ಕೆಜಿ ಉಪಕರಣವನ್ನು ಎತ್ತಿದರೆ, 250ನ್ನು 1.4ರಿಂದ ಭಾಗಿಸಿದಾಗ ಬರುವ ಸುಮಾರು 178 ಕೆಜಿ ಮುಂದಿನಿಂದ ಇಳಿಯುತ್ತದೆ. ಉಳಿಯುವುದು 142. ಇರಬೇಕಾದದ್ದು 1,050ರ ಐದನೆಯ ಒಂದು ಭಾಗ, ಅಂದರೆ 210. ಇದು ಅಪಾಯದ ಜೋಡಿ. 160 ಕೆಜಿಯ ಉಪಕರಣ 0.8 ಮೀಟರ್ ಹಿಂದಿದ್ದರೆ ಇಳಿಯುವುದು 91, ಉಳಿಯುವುದು 229, ಬೇಕಾದದ್ದು 192. ಇದು ಕ್ಷೇಮ. ತಮ್ಮ ಟ್ರಾಕ್ಟರಿನ ಅಂಕಿಗಳನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಿ. ಕೊರತೆ ಕಂಡರೆ ಹಗುರ ಉಪಕರಣ ತನ್ನಿ, ಇಲ್ಲವೇ ಕಂಪನಿ ಸೂಚಿಸಿದ ಮುಂಭಾರವನ್ನು ಕಟ್ಟಿಸಿ.

ಟ್ರೈಲರಿನ ವಿಷಯವೂ ಹೀಗೆಯೇ. ಬಲಿತ ಕಾಯಿಗೆ ಸಿಪ್ಪೆ ಸಹಿತ ಒಂದು ಕೆಜಿ ಎಂದರೆ ಸಾವಿರ ಕಾಯಿ ಒಂದು ಟನ್. ಅಟ್ಟಕ್ಕೇರಿಸುವ ಕಾಯಿ ತುಂಬಿದಾಗ ಚಿಕ್ಕ ಟ್ರಾಕ್ಟರ್ ಅದನ್ನು ಎಳೆದೀತು. ಇಳಿಜಾರಿನಲ್ಲಿ ಅದನ್ನು ನಿಲ್ಲಿಸಬಲ್ಲುದೇ ಎಂಬುದು ಕೇಳಬೇಕಾದ ಪ್ರಶ್ನೆ.

ನಾಲ್ಕನೆಯದು ಜೋಡಣೆ

ಅಗಲವೂ ಭಾರವೂ ಸರಿಯಿದ್ದು ಜೋಡಣೆ ಕೂಡದೆ ವೆಲ್ಡಿಂಗ್ ಅಂಗಡಿಗೆ ಅಲೆದವರು ನಮ್ಮಲ್ಲಿದ್ದಾರೆ. ಒಂದನೇ ವರ್ಗದ ಜೋಡಣೆಯಲ್ಲಿ ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನದು 19. ಇನ್ನೂ ಚಿಕ್ಕ ಟ್ರಾಕ್ಟರುಗಳಲ್ಲಿ ಪಿನ್ನು ಸಣ್ಣದಿರಬಹುದು, ತೋಳುಗಳ ನಡುವಿನ ಅಂತರವೂ ಕಿರಿದಾಗಿರಬಹುದು. ಎರಡನ್ನೂ ಅಳೆಯಿರಿ.

ಪಿ.ಟಿ.ಓ. ವೇಗ ನಿಮಿಷಕ್ಕೆ 540 ಸುತ್ತಿನದೇ ಎಂದು ಉಪಕರಣದ ಫಲಕದಲ್ಲಿ ನೋಡಿಕೊಳ್ಳಿ. ಎರಡು ವೇಗದ ಟ್ರಾಕ್ಟರಿನಲ್ಲಿ ಲಿವರ್ ಹೆಚ್ಚಿನದಕ್ಕೆ ಬಿದ್ದಿದ್ದರೆ ಗೇರ್ ಬಾಕ್ಸ್ ಹಾಳಾಗುತ್ತದೆ. ಒಳಗೊಂದು ಹೊರಗೊಂದು ಸರಿಯುವ ಶಾಫ್ಟ್ ಉದ್ದವಾಗಿದ್ದರೆ, ಉಪಕರಣ ಎತ್ತಿದಾಗ ತುದಿ ತಾಗಿ ಬೇರಿಂಗ್ ಒಡೆಯುತ್ತದೆ; ಗಿಡ್ಡವಾಗಿದ್ದರೆ ಕಳಚುತ್ತದೆ. ಕೆಲಸದ ಯಾವ ಎತ್ತರದಲ್ಲೂ ಒಂದರೊಳಗೊಂದು 6 ಅಂಗುಲವಾದರೂ ಸೇರಿರಬೇಕು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಯಾರೂ ಕಿತ್ತೆಸೆಯಬಾರದು. ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಿರುಗುವ ಶಾಫ್ಟಿನ ಬಳಿ ಹೋಗುವುದು ನಮ್ಮವರ ಅಭ್ಯಾಸ. ಅದನ್ನು ಇಂದೇ ಬಿಡಬೇಕು.

ಇನ್ನೊಂದು ಮಾತು. ಉಪಕರಣ ಗಾಲಿಗಿಂತ ಕಿರಿದಾದರೆ ಗಾಲಿಯ ಜಾಡು ಗಟ್ಟಿಯಾಗಿಯೇ ಉಳಿಯುತ್ತದೆ. ಗಾಲಿಯ ಹೊರ ಅಂಚಿಗೆ ಸಮ ಅಥವಾ ಒಂದೆರಡು ಅಂಗುಲ ಹೆಚ್ಚು, ಇದೇ ಸರಿಯಾದ ಅಳತೆ. ಶಕ್ತಿ ಸಾಲದೆ ಕಿರಿದು ತರಬೇಕಾದರೆ ಪಕ್ಕಕ್ಕೆ ಸರಿಸಿ ಕಟ್ಟಬಹುದಾದ ಮಾದರಿಯನ್ನು ಕೇಳಿ. ಒಂದು ಗಾಲಿಯ ಜಾಡನ್ನು ಅದು ಅಳಿಸುತ್ತದೆ, ಇನ್ನೊಂದನ್ನು ಮರಳಿ ಬರುವಾಗ ಅಳಿಸಬಹುದು. ಸರಿಸಿದ ಬದಿಯನ್ನು ಮಾತ್ರ ಮರದ ಕಡೆಗೆ ಒಡ್ಡಬೇಡಿ.

ರೋಗದ ಮರವಿದ್ದರೆ

ಅಣಬೆ ರೋಗ ಕಂಡ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಪ್ರತ್ಯೇಕತಾ ಕಂದಕ ತೋಡಿ, ಅದರೊಳಕ್ಕೆ ಯಾವ ಉಪಕರಣವನ್ನೂ ಬಿಡಬೇಡಿ. ಆ ಬದಿಯಲ್ಲಿ ಉಳುಮೆ ಕೊನೆಯದಾಗಲಿ. ಬ್ಲೇಡುಗಳನ್ನು ತೊಳೆದ ನಂತರವೇ ಬೇರೆ ತೋಟಕ್ಕೆ ಹೋಗಲಿ. ಬಾಡಿಗೆ ಯಂತ್ರ ತರಿಸುವವರು ಅದರ ಬ್ಲೇಡಿನಲ್ಲಿ ಮತ್ತೊಬ್ಬರ ತೋಟದ ಮಣ್ಣಿದೆಯೇ ಎಂದು ಮೊದಲು ನೋಡಿ. ಚಿಕಿತ್ಸೆಯ ಬಗ್ಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಕೊಳ್ಳುವ ಮುನ್ನ

ಟ್ರಾಕ್ಟರಿನ ಪರೀಕ್ಷಾ ವರದಿಯನ್ನು ಮಾರಾಟಗಾರರಲ್ಲಿ ಕೇಳಿ. ಮಧ್ಯಪ್ರದೇಶದ ಬುದ್ನಿ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆ ಮುಂತಾದ ಕಡೆ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಗಳಿವೆ. ಜಾಹೀರಾತಿನ ಅಂಕಿಗಿಂತ ಪರೀಕ್ಷೆಯ ಅಂಕಿ ನಂಬಲರ್ಹ. 2014-15ರಲ್ಲಿ ಆರಂಭವಾದ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಸಹಾಯಧನಕ್ಕೆ ಅರ್ಜಿ ಹಾಕುವವರು, ಪಟ್ಟಿಯಲ್ಲಿರುವ ಅಳತೆ ತಮ್ಮ ತೋಟಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಲಿ. ಸಹಾಯಧನ ಸಿಗುತ್ತದೆಂದು ತಂದ ತಪ್ಪು ಅಳತೆಯೂ ತಪ್ಪೇ.

ಸದಸ್ಯರು ಈ ಆರು ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು:

1. ಮರಗಳ ಅಂತರ, ಅತಿ ಕಿರಿದಾದ ಸಾಲಿನದು.
2. ಹಿಂದಿನ ಗಾಲಿಗಳ ಹೊರ ಅಂಚಿನ ಅಗಲ.
3. ಪಿ.ಟಿ.ಓ. ಅಶ್ವಶಕ್ತಿ ಮತ್ತು ವೇಗ.
4. ಟ್ರಾಕ್ಟರಿನ ತೂಕ ಮತ್ತು ಎತ್ತುವ ಸಾಮರ್ಥ್ಯ.
5. ಜೋಡಣೆಯ ಪಿನ್ನು ಮತ್ತು ತೋಳುಗಳ ಅಂತರ.
6. ತೋಟದ ಗೇಟು ಮತ್ತು ಬದುವಿನ ದಾರಿಯ ಅಗಲ.

ಚೀಟಿಯೊಂದಿಗೆ ಸಂಘದ ಕಚೇರಿಗೆ ಬಂದರೆ ಕೂತು ಲೆಕ್ಕ ಹಾಕೋಣ. ವರ್ಷಕ್ಕೆ ನಾಲ್ಕು ದಿನ ಮಾತ್ರ ಬೇಕಾಗುವ ಆಗರ್, ಗರಿ ಪುಡಿಮಾಡುವ ಯಂತ್ರಗಳನ್ನು ನಾಲ್ಕೈದು ಸದಸ್ಯರು ಸೇರಿ ಕೊಳ್ಳುವುದು ಲೇಸು. ನನ್ನ 5 ಅಡಿಯ ರೋಟವೇಟರನ್ನು ಬಯಲು ಹೊಲದ ರಾಗಿ ಬೆಳೆಗಾರರೊಬ್ಬರು ದೊಡ್ಡ ಟ್ರಾಕ್ಟರಿಗೆ ಕೊಂಡುಹೋದರು; ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಖಾಲಿಯಾದ ಏಳು ಜಾಗಗಳಲ್ಲಿ ಬುಡ ಬೇರು ಸಹಿತ ಕಿತ್ತು, ಮಣ್ಣು ಬಿಸಿಲಿಗೆ ಬಿಟ್ಟು, ತಿಪಟೂರು ಟಾಲ್ ಸಸಿಗಳನ್ನು ನೆಟ್ಟಿದ್ದೇನೆ. ಈಗ ಅವುಗಳ ಸುತ್ತ 6 ಅಡಿಗೆ ಗೂಟ ಹೊಡೆಸಿದ್ದೇನೆ.

ಕಾರ್ಯದರ್ಶಿ