ಹಾಸಿಗೆ ಹಿಡಿದ ಮೇಲಿನ ಲೆಕ್ಕ

ವೃದ್ಧಾಶ್ರಮ ವಿಚಾರಿಸಲು ಹೋದವರು ಮೊದಲು ಕೇಳುವುದು, ತಿಂಗಳಿಗೆ ಎಷ್ಟು? ಖರ್ಚನ್ನು ನಿಜವಾಗಿ ತೀರ್ಮಾನಿಸುವುದು ಇನ್ನೊಂದು ಪ್ರಶ್ನೆ: ಎದ್ದು ಓಡಾಡಲು ಆಗದಿದ್ದರೂ ಇಟ್ಟುಕೊಳ್ಳುತ್ತೀರಾ? ಸೋದರತ್ತೆಗಾಗಿ ಬೆಳಗಾವಿ, ಧಾರವಾಡ ಸುತ್ತಿದಾಗ ಬಹಳ ಕಡೆ ಇದಕ್ಕೆ ಸಿಕ್ಕ ಉತ್ತರ ಒಂದೇ. "ಆವಾಗ ನೀವ ಕರಕೊಂಡು ಹೋಗಬೇಕ್ರಿ."

ಅತ್ತೆಯದು ಸವದತ್ತಿ ತಾಲ್ಲೂಕಿನ ಹಳ್ಳಿ. ಮಕ್ಕಳಿಲ್ಲ, ಮಾವ ಇಲ್ಲ. ಗಂಡನಿಂದ ಬಂದ ನಾಲ್ಕು ಎಕರೆ ಎರಿ ಹೊಲವನ್ನು ಮೈದುನನ ಮಕ್ಕಳು ಲಾವಣಿಗೆ ಮಾಡುತ್ತಾರೆ. ಮನೆಯಲ್ಲೇ ಇಟ್ಟು ಒಬ್ಬ ಹೆಣ್ಣುಮಗಳನ್ನು ಆರೈಕೆಗೆ ಗೊತ್ತು ಮಾಡುವುದು ನಮ್ಮ ಮೊದಲ ವಿಚಾರವಾಗಿತ್ತು. ನಮ್ಮ ಭಾಗದಲ್ಲಿ ಅದೇ ಅಗ್ಗ, ಆದರೆ ಹಗಲು ಹೊತ್ತಿನಲ್ಲಿ ಮಾತ್ರ. ರಾತ್ರಿ ಮಲಗಲು ಬರುವವರು ಸಿಗುವುದಿಲ್ಲ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಗಲಿನವರೂ ಹೊಲಕ್ಕೆ ನಡೆಯುತ್ತಾರೆ. ಅಲ್ಲಿ ಕೂಲಿ ಹೆಚ್ಚು, ಅವರನ್ನು ದೂರುವಂತಿಲ್ಲ.

ಇನ್ನು ಉಚಿತ ಆಶ್ರಮಗಳು. ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ತೆರೆಯಬಹುದೆಂದು 2007ರ ಪಾಲಕರ ಪೋಷಣೆ ಕಾಯ್ದೆ ರಾಜ್ಯಗಳಿಗೆ ಹೇಳಿದೆ. 'ಬಹುದು' ಎಂದಷ್ಟೇ ಇರುವುದರಿಂದ ಸದ್ಯ ಭಾರ ಹೊತ್ತಿರುವುದು ಹೆಚ್ಚಾಗಿ ಬೆಳಗಾವಿ ಹತ್ತಿರದ ಬಾಮಣವಾಡಿಯ ಶಾಂತಾಯಿಯಂಥ ದಾನದಿಂದ ನಡೆಯುವ ಆಶ್ರಮಗಳು. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಬಿಟ್ಟರೆ ಬೇರೆ ಆಸರೆ ಇಲ್ಲದವರ ಜಾಗ ಅದು. ಹೊಲ ಇದ್ದವರು ಅಲ್ಲಿ ಹಾಸಿಗೆ ಕೇಳುವುದು ನನಗೆ ಸರಿ ಕಾಣಲಿಲ್ಲ.

ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲೇ ಹಿರಿಯರನ್ನು ಬಿಟ್ಟುಹೋದ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂದು 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಹೇಳಿದ್ದರು. ಹಾಗೆ ಬಿಟ್ಟವರೆಲ್ಲ ಕಟುಕರೆಂದು ನಾನು ನಂಬುವುದಿಲ್ಲ. ಹಾಸಿಗೆ ಹಿಡಿದವರ ಖರ್ಚನ್ನು ಮೊದಲೇ ಯೋಚಿಸದೆ ಕಂಗೆಟ್ಟ ಮನೆಗಳೂ ಅವುಗಳಲ್ಲಿ ಇದ್ದಾವು.

ಉಳಿದದ್ದು ಹಣ ಕೊಟ್ಟು ಇರುವ ಮನೆ. ಧಾರವಾಡದ ಒಂದು ಕಡೆ ಎರಡು ದರ ಹೇಳಿದರು: ಓಡಾಡುವವರಿಗೆ 14,000, ಹಾಸಿಗೆ ಹಿಡಿದವರಿಗೆ ನರ್ಸ್ ಸಮೇತ 24,000. ಎರಡನ್ನೂ ಬಾಯಿಬಿಟ್ಟು ಹೇಳಿದ್ದಕ್ಕೇ ನಾನು ಅರ್ಧ ಒಪ್ಪಿದ್ದೆ. ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ಮನೆಯಾದರೆ, 60 ದಾಟಿದವರ ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ 25,000ದವರೆಗೆ ಜಿಎಸ್‌ಟಿ ಇಲ್ಲ. ರಸೀದಿ ನೋಡಿ ಕೇಳಿ.

ಬೈಲಹೊಂಗಲದ ಪ್ಲಾಟ್ ಮಾರಿದ 10 ಲಕ್ಷವನ್ನು ಅತ್ತೆಯ ಹೆಸರಲ್ಲೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಶೇ 8.2ರ ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ, ಅಂದರೆ ತಿಂಗಳಿಗೆ 6,800ರ ಆಸುಪಾಸು. ಅದಕ್ಕೆ ಲಾವಣಿ ಕೂಡಿದರೆ ಮೊದಲ ದರಕ್ಕೆ ಹೆಚ್ಚುಕಡಿಮೆ ಸಾಲುತ್ತದೆ. ಎರಡನೆಯದಕ್ಕೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಕೊರತೆ. ಅವಧಿಗೆ ಮುಂಚೆ ಖಾತೆ ಮುಚ್ಚಿದರೆ ದಂಡ ಬೀಳುವುದರಿಂದ ಈ ಕೊರತೆಯ ಹಣ ಬೇರೆಡೆ ಇರಬೇಕು. ಅತ್ತೆ ಪುತಳಿ ಸರ ತೆಗೆದು ಕೊಟ್ಟರು. "ಇದನ್ನ ಹಾಕ್ಕೊಂಡು ನಾ ಯಾವ ಮದುವಿಗೆ ಹೋಗಲಿ ತಮ್ಮಾ, ಮಾರಿಬಿಡು." ಅದರ ದುಡ್ಡು ಬ್ಯಾಂಕಿನಲ್ಲಿ ಪ್ರತ್ಯೇಕ ಠೇವಣಿಯಾಗಿ ಕೂತಿದೆ. ಎರಡು ವರ್ಷದ ಕೊರತೆ ತುಂಬೀತು.

ಲಾವಣಿಯದೇ ದೊಡ್ಡ ಜಗ್ಗಾಟವಾಯಿತು. ಇಷ್ಟು ವರ್ಷ ಮೈದುನನ ಮಕ್ಕಳು ಕೊಟ್ಟದ್ದು ಎರಡು ಚೀಲ ಜೋಳ ಮತ್ತು ಬಾಯಿತುಂಬ "ದೊಡ್ಡವ್ವಾ". ಈಗ ಅವರ ಮಾತು, ಹೊಲ ನಮ್ಮ ಹೆಸರಿಗೆ ಬಕ್ಷೀಸ ಪತ್ರ ಮಾಡಿಕೊಟ್ಟರೆ ನಾವೇ ನೋಡಿಕೊಳ್ಳುತ್ತೇವೆ ಎಂದು. ನಾನು ಬೇಡವೆಂದೆ. ನೋಡಿಕೊಳ್ಳದಿದ್ದರೆ ಪತ್ರ ರದ್ದು ಮಾಡಿಸಲು ಆ 2007ರ ಕಾಯ್ದೆಯಲ್ಲಿ 23ನೇ ಕಲಂ ಇದೆ, ನಿಜ. ಆದರೆ ಆರೈಕೆಯ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಎಂಬತ್ತರ ಹೆಂಗಸು ಅದನ್ನು ರುಜುವಾತು ಮಾಡಲು ಓಡಾಡುವುದುಂಟೆ?

ಅದೇ ಕಾಯ್ದೆಯ ಇನ್ನೊಂದು ಮಾತು ಕೆಲಸಕ್ಕೆ ಬಂತು. ಮಕ್ಕಳಿಲ್ಲದ ಹಿರಿಯರ ಆಸ್ತಿ ಯಾರ ಕೈಯಲ್ಲಿದೆಯೋ, ಮುಂದೆ ಯಾರಿಗೆ ಬರುತ್ತದೆಯೋ, ಅನುಕೂಲವಿದ್ದರೆ ಆ ಸಂಬಂಧಿಕರೇ ಪೋಷಿಸಬೇಕು. ಗಂಡನಿಂದ ಬಂದ ಹೊಲ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಕಡೆಯವರಿಗೇ ಹೋಗುತ್ತದೆ, ನನಗಲ್ಲ. ಇದನ್ನು ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳದು; ನಮಗೆ ಬೈಲಹೊಂಗಲವೇ. ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಊರ ಹಿರಿಯರ ಮುಂದೆ ಕೂತು ಎಕರೆಗೆ ಸುತ್ತಲಿನ ದರದಂತೆ 20,000 ಎಂದಾಯಿತು. ಭೂ ಸುಧಾರಣಾ ಕಾಯ್ದೆ ಗೇಣಿಗೆ ಒಪ್ಪದ ಕಾರಣ ಕಾಗದ ಮಾಡಲಿಲ್ಲ. ಯುಗಾದಿಗೆ ಹಣ ನೇರ ಅತ್ತೆಯ ಖಾತೆಗೆ ಜಮಾ ಆಗಬೇಕು, ಅಷ್ಟೆ.

ಬೆಳಗಾವಿಗಿಂತ ಧಾರವಾಡ ಆರಿಸಿದ್ದಕ್ಕೆ ದರವಷ್ಟೇ ಕಾರಣವಲ್ಲ. ಸವದತ್ತಿಗೂ ನನ್ನ ತಂಗಿ ಇರುವ ಕಿತ್ತೂರಿಗೂ ಅದು ಹತ್ತಿರ. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೇ ಇಲ್ಲ, ನೋಡಲು ಹೋಗುವವರೂ ಅವರೇ. ಅತ್ತೆ ಕೇಳಿದ್ದು ಒಂದೇ ಒಂದು. "ಅಲ್ಲೆ ಜ್ವಾಳದ ರೊಟ್ಟಿ ಬಡೀತಾರೇನು?" ಬಡಿಯುತ್ತಾರೆ, ರಾತ್ರಿ ಮಾತ್ರ ಅನ್ನ.

ಸೇರಿಸುವಾಗ ಅಲ್ಲಿನವರು ಇನ್ನೊಂದು ಸಹಿ ಕೇಳಿದರು: ಅಪರಾತ್ರಿ ಫೋನ್ ಮಾಡಿದರೂ ತಾಸಿನೊಳಗೆ ಬರಬಲ್ಲವರದು. ರಾಮದುರ್ಗದಲ್ಲಿರುವ ನನ್ನಿಂದ ಅದು ಆಗದು. ಕಿತ್ತೂರಿನ ತಂಗಿ ಸಹಿ ಹಾಕಿದಳು. ತಿಂಗಳ ಖರ್ಚಿಗೆ ಕಡಿಮೆ ಬೀಳುವುದರಲ್ಲಿ ಅವಳ ಪಾಲನ್ನು ಈಗ ನಾನೇ ಕೊಡುತ್ತೇನೆ.