ಒಬ್ಬೊಬ್ಬರ ಹತ್ತಿರ ಒಂದೊಂದು ತುಣುಕು



ಈ ಸಲದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬರು ಇದನ್ನು ಗಟ್ಟಿಯಾಗಿ ಓದಿ. 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದಂತೆ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯದ ತರಬೇತಿ ಪಡೆಯಬೇಕು. ಅಂಥ ತರಬೇತಿಗೆ ಭಾಷಣಕ್ಕಿಂತ ಕಥೆ ಮೇಲು. ಕೆಳಗಿನ ಕಥೆ ಯಾರ ಮನೆಯದೂ ಅಲ್ಲ, ಕಲಿಯಲೆಂದು ಹೆಣೆದದ್ದು.

ಕಥೆ

ಗೌರಿ ಬೆಟ್ಟದಪುರದ ಹತ್ತಿರದ ಹಳ್ಳಿಯವಳು, 7ನೇ ತರಗತಿ. ಆಗಸ್ಟ್ ತಿಂಗಳಲ್ಲಿ ವಾರಕ್ಕೆ ಎರಡು ದಿನ ಶಾಲೆಗೆ ಚಕ್ಕರ್. ಬಂದ ದಿನ ತಲೆಸುತ್ತು, ವಾಂತಿ. ಮೇಷ್ಟ್ರು "ಸೋಮಾರಿತನ" ಅಂದರು. ತಾಯಿ "ಶಾಲೇಲಿ ಕೊಡೋ ಕಬ್ಬಿಣದ ಮಾತ್ರೆಯಿಂದಲೇ ವಾಂತಿ" ಎಂದು ಮಾತ್ರೆ ಬಿಡಿಸಿದರು. ಆಶಾ ಕಾರ್ಯಕರ್ತೆ "ರಕ್ತ ಕಡಿಮೆ" ಅಂದರು. ವೈದ್ಯರು ವಾಂತಿಗೆ ಔಷಧಿ ಬರೆದರು. ಗೌರಿ ಬೆಳಗಿನ ಜಾವ ಇಬ್ಬನಿಯಲ್ಲಿ ಹೊಗೆಸೊಪ್ಪು ಮುರಿಯೋಕೆ ಹೋಗ್ತಾಳೆ ಅಂತ ಅಜ್ಜಿಗೆ ಗೊತ್ತಿತ್ತು. ಅಜ್ಜಿಯನ್ನು ಯಾರೂ ಕೇಳಲಿಲ್ಲ.

ತಿಳಿಯಬೇಕಾದ್ದು

ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ಮೈಗೆ ಸೇರುತ್ತದೆ. ಅದರಿಂದ ವಾಂತಿ, ತಲೆನೋವು, ತಲೆಸುತ್ತು, ಸುಸ್ತು. ಮಕ್ಕಳ ಮೈ ಚಿಕ್ಕದು, ಬೇಗ ತಟ್ಟುತ್ತದೆ. ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರಬಹುದು. ಊಟವಾದ ಮೇಲೆ ಕೊಡಿ. ಬಿಡಿಸಿದರೆ ರಕ್ತಹೀನತೆ ಹಾಗೇ ಉಳಿಯುತ್ತದೆ.

ನೋಡಿ, ಯಾರೂ ಕೆಟ್ಟವರಲ್ಲ. ಎಲ್ಲರ ಹತ್ತಿರವೂ ಒಂದೊಂದು ತುಣುಕು ಇತ್ತು, ಕೂಡಿಸುವವರು ಇರಲಿಲ್ಲ. ಶಿಕ್ಷಕರು ವೈದ್ಯರಾಗಬೇಕಿಲ್ಲ. ಹಾಜರಿ ಪುಸ್ತಕ ನೋಡಿ, ತಾಯಿ, ಆಶಾ, ವೈದ್ಯರನ್ನು ಒಂದು ಮಾತಿಗೆ ತರಬೇಕು. ತರಬೇತಿಯಲ್ಲಿ ಇವರೆಲ್ಲ ಒಟ್ಟಿಗೆ ಕೂತು ಇದೇ ಕಥೆ ಬಿಡಿಸಿದರೆ ಆ ಅಭ್ಯಾಸ ಬರುತ್ತದೆ.

ಚರ್ಚಿಸಿ

1. ಗೌರಿಯ ವಿಷಯದಲ್ಲಿ ಮೊದಲು ಯಾರು ಯಾರನ್ನು ಕೇಳಬೇಕಿತ್ತು?
2. ನಮ್ಮೂರಲ್ಲಿ ಸೊಪ್ಪಿನ ಕಾಲಕ್ಕೆ ಶಾಲೆ ತಪ್ಪಿಸುವ ಮಕ್ಕಳು ಎಷ್ಟು?
3. ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಯಾರು ಹೇಳುತ್ತೀರಿ?

ಮಾಡೋಣ

ಮಕ್ಕಳನ್ನು ಸೊಪ್ಪಿನ ಹೊಲಕ್ಕೆ ಇಳಿಸುವುದು ಬೇಡ. ದೊಡ್ಡವರೂ ಇಬ್ಬನಿ ಆರಿದ ಮೇಲೆ ಇಳಿಯಿರಿ. ತುಂಬುತೋಳಿನ ಅಂಗಿ, ಕೈಗವಸು ಹಾಕಿ. ಕೆಲಸ ಮುಗಿದ ಕೂಡಲೇ ಸೋಪಿನಿಂದ ತೊಳೆದು ಬಟ್ಟೆ ಬದಲಿಸಿ.

"ಆಳು ಸಿಗಲ್ಲ ಸಿಸ್ಟರ್, ಏನ್ಮಾಡೋದು?" ಅಂತೀರಿ. ನಿಜ. ಬ್ಯಾರನ್ ಕಾಯುವುದಿಲ್ಲ, ಸಾಲವೂ ಕಾಯುವುದಿಲ್ಲ. ಆದರೆ ಮುಯ್ಯಾಳು ನಮಗೆ ಹೊಸದಲ್ಲ. ಸಂಘದಲ್ಲೇ ಸರದಿ ಬರೆದುಕೊಳ್ಳಿ: ಇವತ್ತು ಅವರ ಹೊಲ, ನಾಳೆ ನಿಮ್ಮದು. ಗೌರಿಯ ಕೈಗೆ ಪುಸ್ತಕ ಸಾಕು.